ನೀಲಿಯೋ ಹಸಿರೋ

ಬೆಳಿಗ್ಗೆ ಹತ್ತೂಕಾಲಿಗೆ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಓಡುತ್ತಿದ್ದ ಸ್ಕ್ರಿಪ್ಟ್ ನಿಂತಿತು. ಮರುದಿನದ ಸಮ್ಮೇಳನದ ಬ್ಯಾಡ್ಜ್‌ಗಳಲ್ಲಿ ಅರ್ಧ ತಯಾರಾಗಿದ್ದವು. ಒಂದು ಹೆಸರಿಗೆ ಎರಡು ಬಣ್ಣ ಬಂದಿತ್ತು.

ಅದು ಕಿಡ್ನಿ ಕಸಿಯ ಸಮ್ಮೇಳನ. ವೈದ್ಯರ ಹೆಸರು ನೀಲಿ, ಕಿಡ್ನಿ ಕೊಟ್ಟವರದು ಕಿತ್ತಳೆ, ಪಡೆದವರದು ಹಸಿರು, ಜೊತೆಗೆ ಬರುವ ಮನೆಯವರದು ಬೂದು. ಬಣ್ಣ ನೋಡಿಯೇ ಕೂರಿಸುವುದು. ಯಾರು ಯಾವ ಗುಂಪು ಎಂದು ನೋಡಿ ಹೆಸರಿಗೆ ಬಣ್ಣ ತುಂಬುವ ಸ್ಕ್ರಿಪ್ಟ್ ಬರೆದವಳು ಪ್ರೆಸ್ಸಿನ ಡಿಸೈನರ್. ಒಬ್ಬರಿಗೆ ಎರಡು ಗುಂಪು ಸಿಕ್ಕರೆ ಊಹಿಸಬೇಡ, ನಿಲ್ಲು ಎಂಬ ಸಾಲನ್ನೂ ಅವಳೇ ಸೇರಿಸಿದ್ದಳು. ಈಗ ನಿಂತ ಕಡೆ ಇದ್ದದ್ದು ನಾಳೆ ಮೊದಲ ಭಾಷಣ ಮಾಡಬೇಕಿದ್ದ ವೈದ್ಯೆಯ ಹೆಸರು. ನೋಂದಣಿ ಫಾರ್ಮಿನಲ್ಲಿ ಅವರು ವೈದ್ಯರು ಎಂಬಲ್ಲೂ ಗುರುತು ಹಾಕಿದ್ದರು, ಕಿಡ್ನಿ ಪಡೆದವರು ಎಂಬಲ್ಲೂ.

"ಡಾಕ್ಟರ್ ಅಂದ್ಮೇಲೆ ನೀಲಿ. ಇದಕ್ಕೂ ಪಂಚಾಯ್ತಿ ಮಾಡ್ತಾ ಕೂರ್ತೀಯಾ?" ಪ್ರೆಸ್ಸಿನ ಮಾಲೀಕ, ಅವಳ ಚಿಕ್ಕಪ್ಪ, ಕಟಿಂಗ್ ಮಷೀನಿನ ಹಿಂದಿನಿಂದ ಕೂಗಿದ.

"ಕೇಳದೆ ಹಾಕಲ್ಲ ಚಿಕ್ಕಪ್ಪ. ಹೋದ ಸಲ ನೀವು ಊಹೆ ಮಾಡಿ ಅಧ್ಯಕ್ಷರನ್ನ ಅಡುಗೆಯವರ ಜೊತೆ ಸೇರಿಸಿದ್ರಿ."

"ಊಟ ಎಲ್ಲರಿಗಿಂತ ಮೊದಲು ಸಿಕ್ತಲ್ಲ ಅವರಿಗೆ!"

ಅವಳು ಫೋನ್ ಮಾಡಿದಳು. ವಿಷಯ ಕೇಳಿದ ವೈದ್ಯೆ ಅವಸರದಲ್ಲಿ ಹೇಳಿದರು. "ತಪ್ಪಾಗಿ ಒತ್ತಿದೀನಿ. ನೀಲಿ ಹಾಕಮ್ಮ."

"ಸರಿ ಮೇಡಂ, ಹಸಿರು ತೆಗೀತೀನಿ."

"ಇರು. ತಪ್ಪಲ್ಲ ಅದು." ಧ್ವನಿ ತಗ್ಗಿತು. "ನಿನಗೆ ಹೇಗೂ ಕಂಡಿದೆ, ಮುಚ್ಚಿಟ್ಟೇನು ಬಂತು. ನಮ್ಮಕ್ಕನ ಕಿಡ್ನಿ. ಆಸ್ಪತ್ರೇಲಿ ಯಾರಿಗೂ ಗೊತ್ತಿಲ್ಲ, ಓದೋಕೆ ಅಂತ ರಜಾ ಹಾಕಿ ಹೋಗಿದ್ದೆ. ಮುಂದಿನ ತಿಂಗಳು ವಿಭಾಗಕ್ಕೆ ಮುಖ್ಯಸ್ಥರನ್ನ ಆರಿಸ್ತಾರೆ. ಇವಳೇ ಮಾತ್ರೆ ಮೇಲೆ ನಿಂತಿದಾಳೆ ಅಂತ ಗೊತ್ತಾದ್ರೆ ನನ್ನ ಹೆಸರು ಎತ್ತೋರೂ ಇರಲ್ಲ. ನೀಲೀನೇ ಇರಲಿ, ಬಾಯಿ ಬಿಡಬೇಡ."

"ಖಂಡಿತ ಇಲ್ಲ ಮೇಡಂ." ಅವಳು ಎರಡನೆಯ ಗುರುತು ಅಳಿಸಿದಳು. ಸ್ಕ್ರಿಪ್ಟ್ ಮುಂದೆ ಓಡಿತು.

"ಉಳಿದವರದೆಲ್ಲ ಸರಿ ಬಂತಾ?" ಮಾತು ಬದಲಿಸಲು ವೈದ್ಯೆ ಕೇಳಿದರು.

"ಬರ್ತಿದೆ. ಹಸಿರು ಮಾತ್ರ ಬೆರಳೆಣಿಕೆ. ಬೂದು ರಾಶಿ ಬಿದ್ದಿದೆ. ಕಸಿ ಮಾಡಿಸಿಕೊಂಡೋರಿಗಿಂತ ಅವರ ಜೊತೆ ಬರೋರೇ ಜಾಸ್ತಿ ಅನ್ಸುತ್ತೆ."

"ಜೊತೆ ಬರೋರಲ್ಲಮ್ಮ ಅವರು. ಅರ್ಧಕ್ಕರ್ಧ ನನ್ನ ರೋಗಿಗಳೇ, ಮನೆಯವರು ಅಂತ ಬರೆಸಿದಾರೆ. ಹೇಳ್ಕೊಂಡ್ರೆ ಕೆಲಸ ಹೋಗುತ್ತೆ, ಮದುವೆ ಮುರಿಯುತ್ತೆ ಅಂತ ಭಯ. ಹೆದರಬೇಡಿ, ಮುಚ್ಚಿಡಬೇಡಿ ಅಂತ ಹೇಳೋಕೇ ನಾಳೆ ನನ್ನ ಭಾಷಣ..." ಫೋನ್ ಇಟ್ಟ ಸದ್ದು ಕೇಳಿಸಿತು.

ಲ್ಯಾಮಿನೇಷನ್ ಮಷೀನ್ ಬಿಸಿಯಾಗಿತ್ತು. ಚಿಕ್ಕಪ್ಪ ನೀಲಿ ಬ್ಯಾಡ್ಜ್‌ಗಳ ಕಟ್ಟಿಗೆ ಕೈಹಾಕುವಷ್ಟರಲ್ಲಿ ಮತ್ತೆ ಅದೇ ನಂಬರಿನಿಂದ ಕರೆ ಬಂತು.

"ನಂದಕ್ಕೆ ಪ್ಲಾಸ್ಟಿಕ್ ಹಾಕಿಬಿಟ್ರಾ?"

"ಇನ್ನೂ ಇಲ್ಲ ಮೇಡಂ."

"ಹಸಿರು ಮಾಡು."

"ಮೇಡಂ, ನಿಮ್ಮ ಅಕ್ಕನ್ನ ಒಂದು ಮಾತು ಕೇಳಿ..."

"ಅಕ್ಕ ಆಪರೇಷನ್ ಆದಾಗಿಂದ ಇದನ್ನೇ ಹೇಳ್ತಿದಾಳೆ. ಕೇಳದೇ ಇದ್ದವಳು ನಾನು."

ಮರುದಿನ ಸಭಾಂಗಣದ ಬಾಗಿಲಲ್ಲಿ ಹಸಿರು ಹೆಸರು ನೋಡಿದ ಸ್ವಯಂಸೇವಕಿ ವೈದ್ಯೆಯನ್ನು ಕಿಡ್ನಿ ಪಡೆದವರ ಸಾಲಿಗೆ ಕರೆದೊಯ್ದು ಕೂರಿಸಿದಳು. ವೇದಿಕೆಯ ಮೇಲಿದ್ದ ಸಹೋದ್ಯೋಗಿಯೊಬ್ಬರು ಕೈಬೀಸಿ ಕರೆದರು. ತಮ್ಮ ಬ್ಯಾಡ್ಜ್ ಮುಟ್ಟಿಕೊಂಡು, ನಿಮ್ಮದು ತಪ್ಪಾಗಿದೆ ಎಂದು ಸನ್ನೆ ಮಾಡಿದರು. ವೈದ್ಯೆ ಇಲ್ಲವೆಂದು ತಲೆಯಾಡಿಸಿದರು. ಮೈಕಿನಲ್ಲಿ ಹೆಸರು ಕರೆದಾಗ ಅಲ್ಲಿಂದಲೇ ಎದ್ದು ಹೋದರು. ಹಿಂದಿನ ಬೂದು ಸಾಲುಗಳಲ್ಲಿ ಗುಸುಗುಸು ಶುರುವಾಗಿ, ಭಾಷಣ ಮುಗಿಯುವ ಮೊದಲೇ ಅಡಗಿತು.

ಮುಂದಿನ ತಿಂಗಳು ವಿಭಾಗದ ಮುಖ್ಯಸ್ಥರಾಗಿ ಬೇರೊಬ್ಬರನ್ನು ಆರಿಸಲಾಯಿತು. ಕಾರಣ ತಿಳಿಸಲಿಲ್ಲ.