ತಲೆ ತಪಾಸಣೆ

ಹುಡುಗಿಯ ಕಿವಿಯ ಹಿಂದೆ ಹೇನೊಂದು ಹರಿದಾಡಿದ್ದನ್ನು ಕಂಡು ಶಾಲೆಯ ನರ್ಸ್‌ಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹುಡುಗಿ ಹೆಡ್‌ಮಿಸ್ಸಿನ ಮೊಮ್ಮಗಳು.

"ಹೆದರ್ಬೇಡ ಪುಟ್ಟಿ, ಹೇನು ಯಾರ ತಲೆಗಾದ್ರೂ ಬರುತ್ತೆ," ಎಂದು ಮೆಲ್ಲಗೆ ಹೇಳಿ, ಔಷಧಿ ಹಚ್ಚಿ ಕಳಿಸಿದಳು.

ಪಕ್ಕದಲ್ಲೇ ನಿಂತಿದ್ದ ಹೆಡ್‌ಮಿಸ್ಸಿನ ಮುಖ ಹುಳ್ಳಗಾಗಿತ್ತು. "ಯಾರಿಗೂ ಹೇಳ್ಬೇಡಮ್ಮ."

"ಛೆ, ಹೇಳ್ತೀನಾ ಮಿಸ್? ಆದ್ರೆ ಜೊತೇಲಿ ಮಲಗೋರ ತಲೇನೂ ನೋಡ್ಬೇಕು. ಆ ನಿಯಮಕ್ಕೆ ನೀವೇ ಸಹಿ ಹಾಕಿದ್ದೀರಿ. ಪುಟ್ಟಿ ಮಲಗೋದು ನಿಮ್ಮ ಪಕ್ಕ ಅಲ್ವಾ? ಕೂತ್ಕೊಳ್ಳಿ."

ಮೂವತ್ತು ವರ್ಷದ ಹಿಂದೆ ಇದೇ ಮಿಸ್, ಮೂರನೇ ತರಗತಿಯ ಮಕ್ಕಳೆದುರು ಒಬ್ಬಳನ್ನು ನಿಲ್ಲಿಸಿ, ಕೈಯಲ್ಲಿ ಮುಟ್ಟಲು ಹೇಸಿ, ಅವಳ ಜಡೆಯನ್ನು ಸ್ಕೇಲಿನ ತುದಿಯಿಂದ ಎತ್ತಿ ತೋರಿಸಿದ್ದರು. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತ್ತು. ಅವಳೇ ಈ ನರ್ಸ್ ಎಂದು ಮಿಸ್ಸಿಗೆ ಇವತ್ತಿಗೂ ಹೊಳೆದಿರಲಿಲ್ಲ.

ಮಿಸ್ ಸ್ಟೂಲಿನ ಮೇಲೆ ಕುಳಿತು ತಲೆ ತಗ್ಗಿಸಿದರು. ಮೊಮ್ಮಗಳನ್ನು ನೋಡುವಾಗ ಮುಚ್ಚಿದ್ದ ಬಾಗಿಲನ್ನು ನರ್ಸ್ ಈಗ ಅಗಲವಾಗಿ ತೆರೆದಳು. ಹೊರಗೆ ಸಾಲಾಗಿ ನಿಂತಿದ್ದ ಮಕ್ಕಳೆಲ್ಲ ಕತ್ತು ಉದ್ದ ಮಾಡಿದರು. ಅವಳು ಬಾಚಣಿಗೆಯನ್ನು ಟ್ರೇಗೆ ಹಾಕಿ, ಮೇಜಿನ ಮೇಲಿದ್ದ ಸ್ಕೇಲನ್ನು ಕೈಗೆತ್ತಿಕೊಂಡಳು.