ಬಾಯಿಂದ ಕಸಿದ ಮಾತು

“ಈ ಸಭೆಯಲ್ಲಿ ಒಬ್ಬರು ಕೂತಿದ್ದಾರೆ. ಅವರಿಗೆ ನಾನೊಂದು ಮಾತು…” ಎಂದ ಮುದಿ ಹಾಸ್ಯನಟ, ಸನ್ಮಾನದ ಹೂಗುಚ್ಛವನ್ನು ಎದೆಗವಚಿಕೊಂಡು ಸುಮ್ಮನಾಗಿಬಿಟ್ಟರು.

ಪಕ್ಕದಲ್ಲಿದ್ದ ನಿರೂಪಕನ ಜೀವ ಚಡಪಡಿಸಿತು. ವೇದಿಕೆಯ ಮೇಲಿನ ಮೌನವೆಂದರೆ ಅವನಿಗೆ ಒಲೆಯ ಮೇಲಿನ ಹಾಲಿದ್ದ ಹಾಗೆ. ಒಂದು ಗಳಿಗೆ ಬಿಟ್ಟರೂ ಉಕ್ಕಿ ಹೋಗುತ್ತದೆ. ಪಾಪ, ಅಜ್ಜನಿಗೆ ಮಾತು ಮರೆತಿದೆ, ಕಾಪಾಡೋಣ ಎಂದುಕೊಂಡು ಮೈಕನ್ನು ತನ್ನತ್ತ ಎಳೆದುಕೊಂಡ.

“ಆ ಒಬ್ಬರು ಯಾರು ಅಂತ ಮನೇಲಿ ಅಜ್ಜಿಗೆ ಗೊತ್ತಾದ್ರೆ ಇವತ್ತು ಇವರಿಗೆ ಊಟ ಇಲ್ಲ, ಬರೀ ಮಂಗಳಾರತಿ!”

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಜ್ಜನೂ ನಕ್ಕರು, ಜನ ನಕ್ಕರೆ ಜೊತೆಗೆ ಅರಳುವುದು ಆ ಮುಖಕ್ಕೆ ಎಂದೋ ರೂಢಿಯಾಗಿತ್ತು. ಕೊನೆಯ ಸಾಲಿನಲ್ಲಿದ್ದ ಹೆಂಗಸೊಬ್ಬಳು ಮಾತ್ರ ಚೀಲ ಹೆಗಲಿಗೇರಿಸಿಕೊಂಡು ಎದ್ದು ಹೊರಟಳು. ನಿರೂಪಕ ನೋಡಿದ. ಬಸ್ಸಿಗೆ ಹೊತ್ತಾಗಿರಬೇಕು ಎಂದುಕೊಂಡು ಗಾಯಕರನ್ನು ವೇದಿಕೆಗೆ ಕರೆದ.

ಹಾಡು ಶುರುವಾದ ಮೇಲೆ ಒಳಕೋಣೆಗೆ ಬಂದರೆ, ಅಜ್ಜ ಕನ್ನಡಿಗೆ ಬೆನ್ನು ಹಾಕಿ ಕೂತಿದ್ದರು.

“ಏನಜ್ಜ, ಮಾತು ಮರ್ತೇ ಹೋಗಿತ್ತಲ್ಲ? ನಾನಿದ್ದೆ, ಬಚಾವಾದ್ರಿ!”

“ಮರ್ತಿರ್ಲಿಲ್ಲಪ್ಪ. ಅಳು ಬಂದಿತ್ತು, ನುಂಗ್ತಾ ಇದ್ದೆ. ಹಿಂದೆ ಕೂತಿದ್ದು ನನ್ನ ಮಗಳು. ಅವಳಮ್ಮ ತೀರ್ಕೊಂಡಾಗಿಂದ ನನ್ನ ಹತ್ರ ಮಾತಿಲ್ಲ. ಹೇಗೋ ಇವತ್ತು ಬಂದಿದ್ಲು. ಎಲ್ಲರ ಎದುರಿಗೇ ಕ್ಷಮೆ ಕೇಳೋಣ ಅಂತಿದ್ದೆ.”

“ಅಂದ್ರೆ… ಅಜ್ಜಿ…”

ಅಜ್ಜ ತಲೆಯಾಡಿಸಿದರು.

ನಿರೂಪಕ ಬಂದ ಕಾಲಲ್ಲೇ ಬೀದಿಗೆ ಓಡಿದ. ನಿಲ್ದಾಣದಿಂದ ಬಸ್ಸು ಆಗಲೇ ಹೊರಟಿತ್ತು. ಕಿಟಕಿಯ ಪಕ್ಕ ಅವಳು, ನೇರ ಮುಂದಕ್ಕೆ ನೋಡುತ್ತ ಕೂತಿದ್ದಳು. “ಅಕ್ಕಾ, ಒಂದ್ನಿಮಿಷ! ತಪ್ಪು ನಂದು!” ಎಂದು ಬಸ್ಸಿನ ಹಿಂದೆಯೇ ಓಡುತ್ತ ಕೂಗಿದ. ಮೈಕಿನ ಮುಂದೆ ಇಡೀ ಸಭೆಯನ್ನು ಕುಣಿಸುತ್ತಿದ್ದ ದನಿ, ಬಸ್ಸಿನ ಸದ್ದಿನಲ್ಲಿ ಅವನಿಗೇ ಕೇಳಿಸಲಿಲ್ಲ.

ಬರಿಗೈಯಲ್ಲಿ ವಾಪಸಾದವನ ಮುಖ ನೋಡಿ ಅಜ್ಜನೇ ಅವನ ಬೆನ್ನು ತಟ್ಟಿದರು.

“ಹೋಗ್ಲಿ ಬಿಡಪ್ಪ, ನಿನಗೇನು ಗೊತ್ತಿತ್ತು? ನನಗೆ ಗೊತ್ತಿತ್ತು. ಅವಳಮ್ಮನ ಉಸಿರು ಹೋಗ್ತಿದೆ ಅಂತ ಹೇಳಿ ಕಳಿಸಿದ್ರೂ ನಾನು ನಾಟಕ ಬಿಟ್ಟು ಹೋಗ್ಲಿಲ್ಲ. ಆವತ್ತೂ ಜನ ಹೀಗೇ ನಗ್ತಾ ಇದ್ರು.”