ಪರದೆಯ ಮೇಲಿನ ಕಲೆ

ಮದುವೆಯಾಗಿ ಹೋದ ಮೇಲೆ ಮಗಳು ಹೇಮಲತೆ ಮೊದಲ ಸಲ ಕಂಪ್ಯೂಟರಿನಲ್ಲಿ ಮುಖ ತೋರಿಸಿದ್ದಳು. ಅದನ್ನೂ ನೆಟ್ಟಗೆ ನೋಡುವಂತಿರಲಿಲ್ಲ. ಸರಿಯಾಗಿ ಅವಳ ಕೆನ್ನೆ ಕಾಣುವ ಕಡೆಯೇ ಪರದೆಗೆ ಮಸಿಯಂಥ ಕಲೆ ಹತ್ತಿತ್ತು. ವಿಶಾಲಾಕ್ಷಮ್ಮನಿಗೆ ಮೈಯೆಲ್ಲ ಉರಿಯಿತು.

"ತಿಂಡಿ ತಿಂದ ಕೈಯಲ್ಲೇ ಮುಟ್ಟಿರ್ತೀರಿ!" ಎಂದು ಗಂಡನ ಮೇಲೆ ಹರಿಹಾಯ್ದರು.

ಸದಾನಂದಯ್ಯ ಟವೆಲ್ಲಿನ ತುದಿ ಒದ್ದೆ ಮಾಡಿಕೊಂಡು ಬಂದರು.

"ಅಯ್ಯೋ, ನೀರು ಒಳಗಿಳಿದ್ರೆ ಕೆಟ್ಟೇ ಹೋಗತ್ತೆ! ಮೊದ್ಲು ಸ್ಕ್ರೀನ್ ಆಫ್ ಮಾಡಿ. ಕನ್ನಡಕ ಒರೆಸೋ ಬಟ್ಟೇಲಿ ಮೆತ್ತಗೆ ಒರೆಸಿ, ಒತ್ತಬೇಡಿ."

"ಅಮ್ಮಾ, ಬಿಡಮ್ಮ, ಪರವಾಗಿಲ್ಲ," ಎಂದಳು ಮಗಳು.

"ನೀನು ಸುಮ್ನಿರೇ. ನಿನ್ನ ಮುಖ ನೋಡಿ ಎಷ್ಟು ದಿನ ಆಯ್ತು!"

ಸದಾನಂದಯ್ಯ ಹೆಂಡತಿ ಹೇಳಿದಂತೆಯೇ ಆಫ್ ಮಾಡಿ ಒರೆಸಿದರು. ಕಪ್ಪು ಪರದೆ ಫಳಫಳ ಹೊಳೆಯಿತು. ಆನ್ ಮಾಡಿದರೆ ಕಲೆ ಅಲ್ಲೇ ಇತ್ತು.

"ಒಂದು ಕೆಲ್ಸ ನೆಟ್ಟಗೆ ಮಾಡಲ್ಲ, ಕೊಡಿ ಇಲ್ಲಿ!" ವಿಶಾಲಾಕ್ಷಮ್ಮ ಬಟ್ಟೆ ಕಿತ್ತುಕೊಂಡು ತಾವೇ ಒರೆಸತೊಡಗಿದರು.

ಆ ಕಡೆ ಬಾಗಿಲು ತೆರೆದ ಸದ್ದಾಯಿತು. "ಯಾರ ಹತ್ರ ಮಾತು?" ಎಂದು ಅಳಿಯನ ದನಿ ಕೇಳಿತು.

ಹೇಮಲತೆ ಬೆಚ್ಚಿ ಪಕ್ಕಕ್ಕೆ ಸರಿದಳು. ಕಲೆಯೂ ಅವಳ ಕೆನ್ನೆಯ ಜೊತೆಗೇ ಸರಿಯಿತು.